ಗಣಿತಜ್ಞನಾದ ಆಯ್ಲರನೂ ಅವನ ಮಹಾಸಂಖ್ಯೆಯೂ

ಅರಸರು ತಮ್ಮ ಹೆಸರನ್ನು ಕೋಟೆಕೊತ್ತಲಗಳಲ್ಲಿ ಉಳಿಸಿ ಹೋಗುತ್ತಾರೆ. ಕವಿಗಳು ಕಾವ್ಯಗಳಲ್ಲಿ ಉಳಿಸಿ ಹೋಗುತ್ತಾರೆ. ಈ ಲೇಖನದಲ್ಲಿ ನಾವು ಯಾವ ಮಹನೀಯನ ಚರಿತ್ರೆಯನ್ನು ಸಂಗ್ರಹವಾಗಿ ಹೇಳಹೊರಟಿರುವೆವೋ ಅವನು ಲೋಕಕ್ಕೆ ಬಿಟ್ಟುಹೋದ ವಿದ್ಯಾಸಂಪತ್ತು ಅಪಾರವಾದುದು. ಅದೆಲ್ಲವನ್ನೂ ವಿವರಿಸಲು ಈ ಸಂಚಿಕೆಯ ಪುಟಗಳು ಸಾಲವು. ಆದಕಾರಣ ಅವನ ಹೆಸರಿನೊಡನೆ ಎಂದೆಂದಿಗೂ ಕೂಡಿಕೊಂಡಿರುವ ಒಂದೇ ಒಂದು ಸಂಖ್ಯೆಯನ್ನು ಕೈದೀವಿಗೆಯಂತೆ ಹಿಡಿದುಕೊಂಡು ಅವನ ಜೀವಿತವನ್ನು ನೋಡೋಣವೆಂದು ನಾವು ಬಗೆದಿದ್ದೇವೆ. ಆ ಸಂಖ್ಯೆಯು ೨,೧೪,೭೪,೮೩,೬೪೭. ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಆ ಮಹನೀಯನು ಲಿಯೊನಾರ್ಡ್ ಆಯ್ಲರ್.

ಆಯ್ಲರನು ೧೭೦೭ನೆಯ ಇಸವಿ ಏಪ್ರಿಲ್ ೧೫ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದನು. ಬಾಸೆಲ್ ಎಂಬ ಹೆಸರು ನಮ್ಮ ವಾಚಕರಿಗೆ ಹೊಸತಲ್ಲ. ೧೮೧೫ರಲ್ಲಿ ಅದೇ ಪಟ್ಟಣದಲ್ಲಿ ಸ್ಥಾಪಿತವಾದ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಅಚ್ಚಾದದ್ದು ಅವರ ಮುದ್ರಣಾಲಯದಲ್ಲಿಯೇ. ಆದರೆ ನಾವು ಹೇಳುವ ಕಥೆಯು ಅದಕ್ಕೂ ನೂರು ವರ್ಷಗಳಿಗಿಂತ ಹಿಂದಿನದು. ಆಯ್ಲರನ ತಂದೆಯಾದ ಪಾಲ್ ಆಯ್ಲರನು ಸಭಾಪಾಲಕನು; ತಾಯಿಯಾದ ಮಾರ್ಗರೆಟಳು ಸಭಾಪಾಲಕರ ಮನೆತನದಲ್ಲಿ ಹುಟ್ಟಿದವಳು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಕುಟುಂಬವು ಬಾಸೆಲಿನ ಸಮೀಪದ ರೀಹೆನ್ ಎಂಬ ಹಳ್ಳಿಗೆ ಹೋಗಿ ನೆಲಸಿತು. ತಂದೆಯು ತನ್ನ ವಿದ್ಯಾರ್ಥಿದೆಸೆಯಲ್ಲಿ ಗಣಿತವನ್ನು ಸ್ವಲ್ಪ ಕಲಿತಿದ್ದವನಾದುದರಿಂದ ಮಗನಿಗೆ ಮೊದಲನೆಯ ಪಾಠಗಳನ್ನು ತಾನೇ ಹೇಳಿಕೊಟ್ಟನು. ಆದರೂ ಮಗನು ತನ್ನಂತೆಯೇ ಸಭಾಪಾಲಕನಾಗಬೇಕೆಂಬುದು ಆತನ ಆಸೆಯಾಗಿತ್ತು.

ಹದಿಮೂರನೆಯ ವಯಸ್ಸಿನಲ್ಲಿ ಬಾಲಕನು ಬಾಸೆಲಿನ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಯೋಹಾನ್ ಬರ್ನೂಲಿ ಎಂಬ ಪ್ರಸಿದ್ಧ ಗಣಿತಾಚಾರ್ಯನಿದ್ದನು. ಆತನು ಆಯ್ಲರನಿಗೆ ಪ್ರತ್ಯೇಕವಾಗಿ ಪಾಠ ಹೇಳಲು ಒಪ್ಪಲಿಲ್ಲ. ಕಠಿನವಾದ ಗ್ರಂಥಗಳ ಹೆಸರನ್ನು ಹೇಳಿ, ತಾನೇ ಓದಿಕೊಂಡು, ಅರ್ಥವಾಗದ ಭಾಗಗಳನ್ನು ಮಾತ್ರ ಶನಿವಾರದ ಮಧ್ಯಾಹ್ನ ಬಂದು ಕೇಳಬೇಕೆಂದು ಅಪ್ಪಣೆ ಕೊಟ್ಟನು. ಗುರುವಿಗೆ ಹೆಚ್ಚು ತೊಂದರೆ ಕೊಡಬಾರದೆಂದು ಶಿಷ್ಯನು ವಾರವೆಲ್ಲ ದುಡಿದು, ಕೇಳಬೇಕಾದ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿಕೊಳ್ಳುತ್ತಿದ್ದನು. ಮೊದಲು ತಾನೇ ಯೋಚಿಸಿ, ಶ್ರಮವನ್ನು ಕುಗ್ಗಿಸಿಕೊಂಡು, ಉಳಿದುದಕ್ಕೆ ಮಾತ್ರ ಕೈಹಚ್ಚುವ ಈ ಅಭ್ಯಾಸವೇ ಅವನ ಮುಂದಿನ ಕೆಲಸಕ್ಕೆಲ್ಲ ಅಸ್ತಿಭಾರವಾಯಿತೆಂದು ನಾವು ಭಾವಿಸುತ್ತೇವೆ. ಹುಡುಗನ ಪ್ರತಿಭೆಯನ್ನು ಕಂಡ ಬರ್ನೂಲಿಯು ತಂದೆಯ ಮನಸ್ಸನ್ನು ಒಲಿಸಲು, ಆತನು ತನ್ನ ಆಸೆಯನ್ನು ಬಿಟ್ಟು, ಮಗನು ಗಣಿತವನ್ನೇ ಹಿಡಿಯುವುದಕ್ಕೆ ಅನುಮತಿಯನ್ನಿತ್ತನು.

ಸ್ವದೇಶದಲ್ಲಿ ತಕ್ಕ ಉದ್ಯೋಗವು ದೊರೆಯದಿದ್ದುದರಿಂದ ಆಯ್ಲರನು ೧೭೨೭ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಹೊರಟುಹೋದನು. ಅಲ್ಲಿ ಹೊಸದಾಗಿ ಸ್ಥಾಪಿತವಾಗಿದ್ದ ವಿದ್ವತ್ಪರಿಷತ್ತಿನಲ್ಲಿ ಅವನಿಗೆ ಸ್ಥಾನ ದೊರೆಯಿತು. ೧೭೩೪ರಲ್ಲಿ ಅವನು ಕ್ಯಾಥರೀನಾ ಗ್ಸೆಲ್ ಎಂಬ ಚಿತ್ರಕಾರನ ಮಗಳನ್ನು ಮದುವೆಯಾದನು. ಅವರಿಗೆ ಹದಿಮೂರು ಮಕ್ಕಳು ಹುಟ್ಟಿದರು. ಅವರಲ್ಲಿ ಐವರು ಮಾತ್ರ ಬಾಲ್ಯವನ್ನು ದಾಟಿ ಬದುಕಿದರು. ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಉಳಿದ ಮಕ್ಕಳು ಸುತ್ತಲೂ ಆಡುತ್ತಿರುವಾಗಲೇ ಅವನು ಗ್ರಂಥಗಳನ್ನು ಬರೆಯುತ್ತಿದ್ದನೆಂದು ಅವನನ್ನು ಬಲ್ಲವರು ಹೇಳಿದ್ದಾರೆ. ಕೆಲಸಕ್ಕೆ ಏಕಾಂತವು ಬೇಕೆಂದು ಅವನು ಕಾದು ಕುಳಿತವನಲ್ಲ.

ಆ ಪರಿಷತ್ತಿನಲ್ಲಿ ಗೋಲ್ಡ್‌ಬಾಕ್ ಎಂಬ ಮಿತ್ರನಿದ್ದನು. ಅವನು ೧೭೨೯ರ ಡಿಸೆಂಬರಿನಲ್ಲಿ ಆಯ್ಲರನಿಗೊಂದು ಪತ್ರವನ್ನು ಬರೆದು, ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞನು ನಂಬಿಕೊಂಡಿದ್ದ ಒಂದು ಮಾತಿನ ವಿಷಯದಲ್ಲಿ ಪ್ರಶ್ನೆ ಹಾಕಿದನು. ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು; ೨, ೩, ೫, ೭, ೧೧ ಇವು ಅಂಥವು. ೩, ೫, ೧೭, ೨೫೭, ೬೫,೫೩೭ ಎಂದು ಒಂದು ಕ್ರಮದಿಂದ ಬೆಳೆಯುವ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ಫರ್ಮಾನು ನಂಬಿದ್ದನು. ಈ ಕ್ರಮದಲ್ಲಿ ಮುಂದಿನದು ೪,೨೯,೪೯,೬೭,೨೯೭. ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ೧೭೩೨ರಲ್ಲಿ ಆಯ್ಲರನು ಅದು ೬೪೧ರಿಂದ ಸರಿಯಾಗಿ ಭಾಗವಾಗಿ ೬೭,೦೦,೪೧೭ ಬರುವುದೆಂದು ತೋರಿಸಿದನು. ಫರ್ಮಾನಂಥ ದೊಡ್ಡವನ ನಂಬಿಕೆಯು ಒಂದೇ ಭಾಗಾಕಾರದಿಂದ ಬಿದ್ದುಹೋಯಿತು. ಬುದ್ಧಿವಂತರು ನಂಬಿರುವರೆಂದ ಮಾತ್ರಕ್ಕೆ ಒಂದು ಮಾತು ಸತ್ಯವಾಗಲಾರದು, ಅದಕ್ಕೆ ಸಾಧನೆಯು ಬೇಕು ಎಂಬ ತಿಳಿವು ಅವನಲ್ಲಿ ಅಂದಿನಿಂದ ಬೇರೂರಿತು.

ಆದರೆ ಕಷ್ಟಗಳು ಅವನನ್ನು ಬಿಡಲಿಲ್ಲ. ಕಠಿನವಾದ ಕಾಯಿಲೆಯ ತರುವಾಯ ೧೭೩೮ರಲ್ಲಿ ಅವನ ಬಲಗಣ್ಣಿನ ದೃಷ್ಟಿಯು ಹೋಯಿತು. ೧೭೪೧ರಲ್ಲಿ ಪ್ರಷ್ಯದ ಅರಸನಾದ ಎರಡನೆಯ ಫ್ರೆಡರಿಕನ ಕರೆಯಂತೆ ಅವನು ಬರ್ಲಿನ್ ನಗರಕ್ಕೆ ಹೋಗಿ ಇಪ್ಪತ್ತೈದು ವರ್ಷಗಳ ಕಾಲ ಅಲ್ಲಿದ್ದನು. ಮಾತಿನ ಚಮತ್ಕಾರವನ್ನೇ ಮೆಚ್ಚುತ್ತಿದ್ದ ಆ ಅರಸನಿಗೆ ಸಾಧುಸ್ವಭಾವದವನೂ ದೈವಭಕ್ತನೂ ಆದ ಆಯ್ಲರನ ಬೆಲೆ ತಿಳಿಯಲಿಲ್ಲ. ಅವನ ಒಕ್ಕಣ್ಣನ್ನು ಕುರಿತು ಹಾಸ್ಯ ಮಾಡುವುದಕ್ಕೂ ಅರಸನು ಹಿಂಜರಿಯಲಿಲ್ಲ. ಆಯ್ಲರನು ತನ್ನ ಕೆಲಸವನ್ನು ಮಾತ್ರ ಮಾಡುತ್ತ ಹೋದನು.

ಬರ್ಲಿನ್ನಿನಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಅವಶ್ಯವಾಗಿ ತಿಳಿಯಬೇಕು. ಬ್ರಾಂಡೆನ್‌ಬುರ್ಗ್ ರಾಜಮನೆತನದ ಫ್ರೀಡರಿಕೆ ಷಾರ್ಲೊಟೆ ಎಂಬ ಹದಿನೈದು ವರ್ಷದ ಕನ್ಯೆಗೆ ವಿದ್ಯೆ ಕಲಿಸುವ ಭಾರವು ಆಯ್ಲರನ ಮೇಲೆ ಬಿತ್ತು. ೧೭೬೦ರಿಂದ ೧೭೬೨ರವರೆಗೆ ಅವನು ಆಕೆಗೆ ೨೩೪ ಪತ್ರಗಳನ್ನು ಬರೆದನು. ಬೆಳಕು ಹೇಗೆ ಚಲಿಸುವುದು, ಶಬ್ದವು ಹೇಗೆ ಕೇಳಿಸುವುದು, ಆಕಾಶವು ಏತಕ್ಕೆ ನೀಲಿಯಾಗಿ ಕಾಣುವುದು, ತರ್ಕದಲ್ಲಿ ತಪ್ಪಿಲ್ಲದೆ ನಡೆಯುವುದು ಹೇಗೆ ಎಂಬಿವೇ ಮೊದಲಾದ ವಿಷಯಗಳನ್ನು ಅವನು ಅವುಗಳಲ್ಲಿ ತಿಳಿಯಾಗಿ ವಿವರಿಸಿದನು. ತರ್ಕವನ್ನು ಬೋಧಿಸುವಾಗ ಒಂದರೊಳಗೊಂದು ವೃತ್ತಗಳನ್ನು ಬರೆದು ತೋರಿಸಿದನು. ಆ ವೃತ್ತಗಳಿಗೆ ಇಂದಿಗೂ ಅವನ ಹೆಸರೇ ಇದೆ. ಹೆಣ್ಣುಮಗಳಿಗೆ ಇಷ್ಟೇ ಸಾಕೆಂದು ಅವನು ವಿಷಯವನ್ನು ತೆಳ್ಳಗೆ ಮಾಡಲಿಲ್ಲ. ಭಾಷೆಯನ್ನು ಸುಲಭಗೊಳಿಸಿದನೇ ಹೊರತು ಸತ್ಯವನ್ನು ಕುಗ್ಗಿಸಲಿಲ್ಲ. ೧೭೬೮ರಿಂದ ೧೭೭೨ರ ವರೆಗೆ ಈ ಪತ್ರಗಳು ಅಚ್ಚಾಗಿ, ತರುವಾಯ ಯುರೋಪಿನ ಅನೇಕ ಭಾಷೆಗಳಿಗೆ ಪರಿವರ್ತನೆಗೊಂಡು, ಸಾವಿರಾರು ಜನರಿಗೆ ವಿಜ್ಞಾನದ ಮೊದಲನೆಯ ಪುಸ್ತಕವಾದವು. ಒಬ್ಬ ಹುಡುಗಿಗೆ ಹೇಳಿದ ಪಾಠದಿಂದ ಲೋಕವೇ ಕಲಿಯಿತು.

೧೭೬೬ರಲ್ಲಿ ಮಹಾರಾಣಿ ಎರಡನೆಯ ಕ್ಯಾಥರೀನಳ ಆಹ್ವಾನದಂತೆ ಆಯ್ಲರನು ಪುನಃ ರಷ್ಯಾಕ್ಕೆ ಬಂದನು. ಬಂದ ಕೆಲವು ಕಾಲದಲ್ಲಿಯೇ ಉಳಿದಿದ್ದ ಎಡಗಣ್ಣಿಗೂ ಪೊರೆಯು ಕವಿಯಿತು. ೧೭೭೧ರಲ್ಲಿ ನಗರದಲ್ಲಿ ದೊಡ್ಡ ಬೆಂಕಿಯೆದ್ದು ಅವನ ಮನೆಯು ಸುಟ್ಟುಹೋಯಿತು. ಬಾಸೆಲಿನವನೇ ಆದ ಪೀಟರ್ ಗ್ರಿಮ್ ಎಂಬವನು ಉರಿಯೊಳಗೆ ನುಗ್ಗಿ ಕುರುಡನಾದ ಆಯ್ಲರನನ್ನು ಹೊತ್ತುಕೊಂಡು ಹೊರಗೆ ತಂದನು. ಅದೇ ವರ್ಷ ವೈದ್ಯರು ಕಣ್ಣಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಲು ಕೆಲವು ದಿನ ಬೆಳಕು ಕಾಣಿಸಿತು; ತರುವಾಯ ಕಣ್ಣು ಕೀತು, ಬಹಳ ವೇದನೆಯನ್ನು ಕೊಟ್ಟು, ದೃಷ್ಟಿಯು ಪುನಃ ಹೋಯಿತು. ಅವನ ವಯಸ್ಸು ಆಗ ಅರವತ್ತನಾಲ್ಕು. ಮನೆಯೂ ಕಣ್ಣೂ ಹೋದವನ ಕೆಲಸವು ಅಲ್ಲಿಗೆ ಮುಗಿಯಿತೆಂದು ಯಾರಾದರೂ ಎಣಿಸುತ್ತಿದ್ದರು. ಆದರೆ ನಮ್ಮ ಮಹಾಸಂಖ್ಯೆಯ ಕಥೆಯು ತೊಡಗುವುದು ಇಲ್ಲಿಯೇ.

ಆ ಸಂಖ್ಯೆಯು ಎಂಥದೆಂದು ಮೊದಲು ತಿಳಿಯೋಣ. ಮೂವತ್ತೊಂದು ದಿನಗಳಿರುವ ಒಂದು ತಿಂಗಳಲ್ಲಿ ಮೊದಲನೆಯ ದಿನ ಗಡಿಗೆಯೊಳಗೆ ಒಂದು ರಾಗಿಯ ಕಾಳನ್ನು ಹಾಕಿರಿ. ಎರಡನೆಯ ದಿನ ಎರಡು, ಮೂರನೆಯ ದಿನ ನಾಲ್ಕು, ನಾಲ್ಕನೆಯ ದಿನ ಎಂಟು, ಹೀಗೆ ದಿನದಿನಕ್ಕೆ ಇಮ್ಮಡಿಯಾಗಿ ಹಾಕುತ್ತ ಹೋಗಿರಿ. ತಿಂಗಳ ಕೊನೆಗೆ ಕೂಡಿದ ಕಾಳುಗಳ ಮೊತ್ತವೇ ೨,೧೪,೭೪,೮೩,೬೪೭. ಮೂವತ್ತೊಂದು ಎರಡುಗಳನ್ನು ಒಂದರೊಡನೊಂದು ಗುಣಿಸಿ ಬಂದ ಲಬ್ಧದಿಂದ ಒಂದನ್ನು ಕಳೆದರೂ ಇದೇ ಬರುವುದು. ಎರಡು ದಿನಗಳ ಮೊತ್ತ ೩, ಮೂರು ದಿನಗಳದು ೭, ಐದು ದಿನಗಳದು ೩೧, ಏಳು ದಿನಗಳದು ೧೨೭, ಇವೆಲ್ಲವೂ ಅವಿಭಾಜ್ಯಗಳು. ಆದರೆ ಹನ್ನೊಂದು ದಿನಗಳ ಮೊತ್ತವಾದ ೨,೦೪೭ ಅವಿಭಾಜ್ಯವಲ್ಲ. ಅದು ೨೩ ಮತ್ತು ೮೯ರ ಗುಣಲಬ್ಧ. ಆದಕಾರಣ ಯಾವ ದಿನದ ಮೊತ್ತವು ಅವಿಭಾಜ್ಯವೆಂಬುದನ್ನು ಊಹೆಯಿಂದ ಹೇಳಬರುವುದಿಲ್ಲ.

ಇಟಲಿಯ ಕಟಾಲ್ಡಿ ಎಂಬವನು ೧೬೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹದಿನೇಳು ಮತ್ತು ಹತ್ತೊಂಬತ್ತು ದಿನಗಳ ಮೊತ್ತಗಳು ಅವಿಭಾಜ್ಯಗಳೆಂದು ಪರೀಕ್ಷೆಯಿಂದ ಸಿದ್ಧಪಡಿಸಿ, ೨೩, ೨೯, ೩೧, ೩೭ ದಿನಗಳವೂ ಹಾಗೆಯೇ ಇರುವುವೆಂದು ಹೇಳಿದನು. ಫರ್ಮಾನು ಇಪ್ಪತ್ತಮೂರರದನ್ನೂ ಮೂವತ್ತೇಳರದನ್ನೂ ತಪ್ಪೆಂದು ತೋರಿಸಿದನು; ಇಪ್ಪತ್ತೊಂಬತ್ತರದು ಆಯ್ಲರನ ಕೈಯಲ್ಲಿ ತಪ್ಪಾಯಿತು. ಉಳಿದದ್ದು ಮೂವತ್ತೊಂದು. ೧೬೪೪ರಲ್ಲಿ ಮೆರ್ಸೆನ್ ಎಂಬ ಫ್ರೆಂಚ್ ಸನ್ಯಾಸಿಯೂ ಅದು ಅವಿಭಾಜ್ಯವೆಂದು ಬರೆದಿದ್ದನು, ಆದರೆ ಸಾಧನೆಯನ್ನು ಕೊಡಲಿಲ್ಲ. ಹೀಗೆ ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಈ ಸಂಖ್ಯೆಯು ನಂಬಿಕೆಯ ಮೇಲೆಯೇ ನಿಂತಿತ್ತು.

ಒಂದು ಸಂಖ್ಯೆಗೆ ಭಾಜಕವಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲಾರದು. ನಮ್ಮ ಸಂಖ್ಯೆಯ ವರ್ಗಮೂಲವು ೪೬,೩೪೦ಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರವರೆಗಿನ ಅವಿಭಾಜ್ಯಗಳು ನಾಲ್ಕು ಸಾವಿರದ ಏಳುನೂರಕ್ಕೂ ಮಿಕ್ಕಿವೆ. ಕಣ್ಣು ಕಾಣದವನು ಅಷ್ಟು ಭಾಗಾಕಾರಗಳನ್ನು ಮಾಡುವುದೆಂತು? ಆಯ್ಲರನು ಬಾಲ್ಯದ ಆ ಶನಿವಾರಗಳಲ್ಲಿ ಕಲಿತಂತೆಯೇ, ಕೈಹಚ್ಚುವುದಕ್ಕೆ ಮೊದಲು ಯೋಚಿಸಿದನು. ಫರ್ಮಾನು ಸಾಧನೆಯಿಲ್ಲದೆ ಬಿಟ್ಟುಹೋಗಿದ್ದ ಒಂದು ನಿಯಮಕ್ಕೆ ಆಯ್ಲರನು ಬಹಳ ಹಿಂದೆಯೇ ಸಾಧನೆಯನ್ನು ಕೊಟ್ಟಿದ್ದನು. ಅದರಿಂದ, ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯವು ೬೨ರಿಂದ ಭಾಗಿಸಿದಾಗ ೧ ಶೇಷವುಳಿಯುವಂಥದೇ ಆಗಿರಬೇಕು. ಇನ್ನೊಂದು ನಿಯಮದಿಂದ, ಅದು ೮ರಿಂದ ಭಾಗಿಸಿದಾಗ ೧ ಅಥವಾ ೭ ಶೇಷವುಳಿಯುವಂಥದಾಗಿರಬೇಕು. ಎರಡನ್ನೂ ಕೂಡಿಸಿದರೆ, ೨೪೮ರಿಂದ ಭಾಗಿಸಿದಾಗ ೧ ಅಥವಾ ೬೩ ಉಳಿಯುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. ಉಳಿದುವು ಭಾಗಿಸಲಾರವೆಂಬುದು ಮುಂಚಿತವಾಗಿಯೇ ಸಿದ್ಧ.

ಇದರ ಸೊಗಸನ್ನು ಚಿಕ್ಕ ಲೆಕ್ಕವೊಂದರಲ್ಲಿ ನಮ್ಮ ವಾಚಕರೇ ನೋಡಬಹುದು. ಹದಿಮೂರು ದಿನಗಳ ಮೊತ್ತ ೮,೧೯೧. ಅದರ ವರ್ಗಮೂಲವು ೯೦ಕ್ಕಿಂತ ಸ್ವಲ್ಪ ಹೆಚ್ಚು. ಇಲ್ಲಿ ೬೨ರ ಸ್ಥಾನದಲ್ಲಿ ಹದಿಮೂರರ ಎರಡರಷ್ಟಾದ ೨೬ ಬರುವುದು. ೨೬ರಿಂದ ಭಾಗಿಸಿದರೆ ೧ ಉಳಿಯುವ ಸಂಖ್ಯೆಗಳು ೨೭, ೫೩, ೭೯. ಇವುಗಳಲ್ಲಿ ೨೭ ಅವಿಭಾಜ್ಯವಲ್ಲ. ೫೩ನ್ನು ೮ರಿಂದ ಭಾಗಿಸಿದರೆ ೫ ಉಳಿಯುವುದರಿಂದ ಅದೂ ಬೇಡ. ಉಳಿದದ್ದು ೭೯ ಒಂದೇ. ೮,೧೯೧ನ್ನು ೭೯ರಿಂದ ಭಾಗಿಸಿದರೆ ೫೪ ಶೇಷವುಳಿಯುತ್ತದೆ. ಆದುದರಿಂದ ೮,೧೯೧ ಅವಿಭಾಜ್ಯ. ಒಂದೇ ಭಾಗಾಕಾರದಿಂದ ಕೆಲಸವು ಮುಗಿಯಿತು! ನಾಲ್ಕನೆಯ ತರಗತಿಯ ಬಾಲಕಿಯೂ ಆ ಭಾಗಾಕಾರವನ್ನು ಮಾಡಬಲ್ಲಳು. ಅದೊಂದೇ ಸಾಕೆಂದು ತಿಳಿಯುವುದೇ ವಿದ್ಯೆ.

ನಮ್ಮ ಮಹಾಸಂಖ್ಯೆಗೆ ಇದೇ ಜರಡಿಯನ್ನು ಹಿಡಿದರೆ ೪೬,೩೪೦ರೊಳಗೆ ಉಳಿಯುವ ಸಂಖ್ಯೆಗಳು, ೬೩ನ್ನು ಬಿಟ್ಟು, ೩೭೨. ಅವುಗಳಲ್ಲಿಯೂ ಅವಿಭಾಜ್ಯವಲ್ಲದವನ್ನು ತೆಗೆದುಹಾಕಿದರೆ ನೂರಕ್ಕಿಂತ ಕಡಿಮೆ. ಮೊದಲನೆಯದು ೩೧೧, ಅದರಿಂದ ಭಾಗಿಸಿದರೆ ೩೫ ಉಳಿಯುತ್ತದೆ. ಹೀಗೆ ಒಂದೊಂದನ್ನೂ ಪರೀಕ್ಷಿಸಲು ಯಾವುದೂ ಶೇಷವಿಲ್ಲದೆ ಭಾಗಿಸಲಿಲ್ಲ. ತನ್ನ ಗುರುವಿನ ವಂಶದವನಾದ ಒಬ್ಬ ಬರ್ನೂಲಿಗೆ ಆಯ್ಲರನು ಈ ಫಲವನ್ನು ಪತ್ರದಲ್ಲಿ ತಿಳಿಸಿದನು. ಬರ್ಲಿನ್ ಪರಿಷತ್ತಿನ ೧೭೭೨ರ ಸಂಪುಟದಲ್ಲಿ ಅದು ಪ್ರಕಟವಾಯಿತು. ಅಲ್ಲಿಂದ ಮುಂದೆ ೨,೧೪,೭೪,೮೩,೬೪೭ ಅವಿಭಾಜ್ಯವೆಂಬುದು ನಂಬಿಕೆಯಲ್ಲ, ಸಾಧಿತವಾದ ಸತ್ಯ.

ಈ ಸಂಖ್ಯೆಗೆ ಮತ್ತೊಂದು ಹಿರಿಮೆಯುಂಟು. ತನ್ನನ್ನು ಬಿಟ್ಟು ತನ್ನ ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದ ಸಂಖ್ಯೆಯನ್ನು ಪರಿಪೂರ್ಣ ಸಂಖ್ಯೆಯೆನ್ನುತ್ತಾರೆ. ೬ ಅಂಥದು, ಏಕೆಂದರೆ ೧, ೨, ೩ ಕೂಡಿದರೆ ೬, ಹಾಗೆಯೇ ೨೮. ನಮ್ಮ ಗಡಿಗೆಯ ಮೊತ್ತವು ಅವಿಭಾಜ್ಯವಾದಾಗ, ಅದನ್ನು ಕೊನೆಯ ದಿನ ಹಾಕಿದ ಕಾಳುಗಳ ಸಂಖ್ಯೆಯಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆಯು ದೊರೆಯುವುದೆಂದು ಗ್ರೀಸಿನ ಯೂಕ್ಲಿಡನು ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದನು. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದುವೆಲ್ಲವೂ ಈ ಬಗೆಯವೇ ಎಂದು ಸಾಧಿಸಿದವನು ಆಯ್ಲರನು. ಮೂವತ್ತೊಂದನೆಯ ದಿನದ ಕಾಳುಗಳು ೧,೦೭,೩೭,೪೧,೮೨೪. ಅದರಿಂದ ನಮ್ಮ ಸಂಖ್ಯೆಯನ್ನು ಗುಣಿಸಲು ಬರುವ ೨೩,೦೫,೮೪,೩೦,೦೮,೧೩,೯೯,೫೨,೧೨೮ ಎಂಬ ಹತ್ತೊಂಬತ್ತು ಅಂಕೆಗಳ ಸಂಖ್ಯೆಯು ಎಂಟನೆಯ ಪರಿಪೂರ್ಣ ಸಂಖ್ಯೆ.

ಇಂಗ್ಲೆಂಡಿನ ಬಾರ್ಲೋ ಎಂಬವನು ೧೮೧೧ರಲ್ಲಿ, ಇಂಥವುಗಳಿಂದ ಪ್ರಯೋಜನವಿಲ್ಲದಿರುವುದರಿಂದ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರೆಂದು ಬರೆದನು. ಅವನ ಎಣಿಕೆಯು ಎರಡು ವಿಧದಲ್ಲಿಯೂ ಸುಳ್ಳಾಯಿತು. ೧೮೭೬ರಲ್ಲಿ ಫ್ರಾನ್ಸಿನ ಲ್ಯೂಕಾನು ೧೨೭ ದಿನಗಳ ಮೊತ್ತವೂ ಅವಿಭಾಜ್ಯವೆಂದು ತೋರಿಸಿದನು. ಅದರಲ್ಲಿ ೩೯ ಅಂಕೆಗಳಿವೆ. ೨೦೨೪ರಲ್ಲಿ ಗಣಕಯಂತ್ರಗಳ ಸಹಾಯದಿಂದ ಇದೇ ಜಾತಿಯ ಒಂದು ಅವಿಭಾಜ್ಯವು ದೊರೆಯಿತು. ಅದರ ಅಂಕೆಗಳೇ ನಾಲ್ಕು ಕೋಟಿಗೂ ಹೆಚ್ಚು. ಪ್ರಯೋಜನದ ಮಾತಾದರೋ, ಬಹುಕಾಲ ಗಣಕಯಂತ್ರಗಳು ಪೂರ್ಣಾಂಕಗಳನ್ನು ಬರೆದಿಡುತ್ತಿದ್ದ ಸಾಮಾನ್ಯ ಕ್ರಮದಲ್ಲಿ ಹಿಡಿಯಬಲ್ಲ ಅತ್ಯಂತ ದೊಡ್ಡ ಸಂಖ್ಯೆಯು ಆಯ್ಲರನ ಈ ಸಂಖ್ಯೆಯೇ ಆಗಿತ್ತು. ೧೯೭೦ರ ಮೊದಲನೆಯ ದಿನದಿಂದ ಸೆಕೆಂಡುಗಳನ್ನು ಆ ಕ್ರಮದಲ್ಲಿ ಎಣಿಸುವ ಯಂತ್ರಗಳ ಲೆಕ್ಕವು ೨೦೩೮ರ ಜನವರಿ ೧೯ರಂದು ಈ ಸಂಖ್ಯೆಯನ್ನು ಮುಟ್ಟಿ ನಿಲ್ಲತಕ್ಕದ್ದಾದುದರಿಂದ, ಅವುಗಳನ್ನು ತಿದ್ದುವ ಕೆಲಸವು ತಜ್ಞರಿಗೆ ಬಿದ್ದಿದೆ.

ಆಯ್ಲರನ ಕೊನೆಯ ವರ್ಷಗಳನ್ನು ಹೇಳಿ ಮುಗಿಸುತ್ತೇವೆ. ಮಕ್ಕಳೂ ಶಿಷ್ಯರೂ ಅವನಿಗೆ ಕಣ್ಣಾದರು. ಅವನು ಹೇಳಿದುದನ್ನು ಅವರು ಬರೆದರು. ಬೀಜಗಣಿತದ ಒಂದು ಪ್ರಸಿದ್ಧ ಗ್ರಂಥವನ್ನು ಅವನು ದರ್ಜಿಯ ಕೆಲಸ ಕಲಿತಿದ್ದ ಯುವಕನೊಬ್ಬನಿಂದ ಬರೆಯಿಸಿದನು. ಬರೆದು ಮುಗಿಸುವಷ್ಟರಲ್ಲಿ ಆ ಯುವಕನೇ ಬೀಜಗಣಿತವನ್ನು ಬಲ್ಲವನಾದನೆಂದು ಪ್ರತೀತಿ. ೧೭೭೩ರಲ್ಲಿ ಪತ್ನಿಯು ತೀರಿಕೊಂಡಳು. ಮೂರು ವರ್ಷಗಳ ತರುವಾಯ ಅವನು ಆಕೆಯ ಮಲತಂಗಿಯನ್ನು ಮದುವೆಯಾದನು. ಇಷ್ಟು ದುಃಖಗಳ ನಡುವೆಯೂ ಅವನ ಎಂಟುನೂರಕ್ಕೂ ಹೆಚ್ಚಿನ ಬರವಣಿಗೆಗಳಲ್ಲಿ ಸುಮಾರು ಅರ್ಧವು ಕತ್ತಲೆಯ ಆ ವರ್ಷಗಳಲ್ಲಿಯೇ ಹುಟ್ಟಿತು. ೧೭೮೩ರ ಸೆಪ್ಟೆಂಬರ್ ೧೮ರಂದು ಅವನು ಆಗತಾನೆ ಕಂಡುಹಿಡಿಯಲ್ಪಟ್ಟಿದ್ದ ಯುರೇನಸ್ ಗ್ರಹದ ಮಾರ್ಗವನ್ನು ಕುರಿತು ಶಿಷ್ಯನೊಡನೆ ಮಾತನಾಡಿ, ಅದೇ ದಿನ ಹಠಾತ್ತಾಗಿ ಮೂರ್ಛೆಹೊಂದಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಮರಣವನ್ನೈದಿದನು. ಅವನ ಹೊಸ ಲೇಖನಗಳನ್ನು ಪರಿಷತ್ತಿನವರು ಅನೇಕ ದಶಕಗಳವರೆಗೆ ಅಚ್ಚು ಮಾಡುತ್ತಲೇ ಇದ್ದರು.

ಗಣಿತವು ಕೆಲವರ ತಲೆಗೆ ಮಾತ್ರ ಹತ್ತುವ ವಿದ್ಯೆಯೆಂದೂ, ಹೆಣ್ಣುಮಕ್ಕಳಿಗೆ ಅದು ಹೊರೆಯೆಂದೂ ಹೇಳುವವರು ಇನ್ನೂ ಇದ್ದಾರೆ. ಮಗಳು ಲೆಕ್ಕದಲ್ಲಿ ಒಮ್ಮೆ ಎಡವಿದ ಕೂಡಲೆ ಅದನ್ನು ಬಿಡಿಸಿಬಿಡೋಣವೆಂದು ಯೋಚಿಸುವ ತಂದೆತಾಯಿಗಳೂ ಉಂಟು. ಅಂಥವರ ಮುಂದೆ ನಾವು ಈ ಚರಿತ್ರೆಯನ್ನು ಇಡುತ್ತೇವೆ. ಆ ದೊಡ್ಡ ಸಂಖ್ಯೆಯು ಮಣಿದದ್ದು ಕಣ್ಣಿನ ಚುರುಕಿಗೂ ಅಲ್ಲ, ಕೈಯ ವೇಗಕ್ಕೂ ಅಲ್ಲ. ಸಾವಿರಾರು ಲೆಕ್ಕಗಳನ್ನು ನೂರರೊಳಗೆ ತಂದ ಕ್ರಮವಾದ ಯೋಚನೆಗೆ, ಉಳಿದ ಒಂದೊಂದನ್ನೂ ಬಿಡದೆ ನೋಡಿದ ತಾಳ್ಮೆಗೆ. ಈ ಎರಡು ಗುಣಗಳು ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಇಂದು ತಾಯಂದಿರಾಗಿ ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತಾಗ ೮,೧೯೧ನ್ನು ೭೯ರಿಂದ ಒಮ್ಮೆ ಭಾಗಿಸಿ ತೋರಿಸಲಿ. ಶೇಷವು ೫೪ ಬಂದಾಗ, ಅದೊಂದು ಭಾಗಾಕಾರವೇ ಏಕೆ ಸಾಕೆಂದು ಮಕ್ಕಳಿಂದಲೇ ಹೇಳಿಸಲಿ. ಆಯ್ಲರನ ಸ್ಮರಣೆಗೆ ಅದಕ್ಕಿಂತ ತಕ್ಕ ಕಾಣಿಕೆಯು ಬೇರೆ ಇಲ್ಲವೆಂದು ನಾವು ನಂಬುತ್ತೇವೆ.